ತಿರುವು ಗೆಲ್ಲುವುದು ಬ್ರೇಕ್ ಬಿಡುವಾಗ

(ಶಿರಸಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ಆಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ದೇವಿಮನೆ ಘಟ್ಟದಲ್ಲಿ ಕುಮಟಾ ಕಡೆ ಇಳಿಯುವ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಒಮ್ಮೆ ಡ್ರೈವರ ಕಾಲು ನೋಡಿ. ಸ್ಟೇರಿಂಗ್ ಬೇಡ, ಅದನ್ನು ಎಲ್ಲರೂ ನೋಡುತ್ತಾರೆ. ತಿರುವು ಬರುವ ಮೊದಲೇ ಗೇರ್ ಇಳಿದಿರುತ್ತದೆ, ವೇಗ ತಗ್ಗಿರುತ್ತದೆ. ಬಸ್ಸಿನ ಮೂತಿ ತಿರುವಿನೊಳಗೆ ಹೊರಳುವ ಹೊತ್ತಿಗೆ ಕಾಲು ಬ್ರೇಕಿನ ಮೇಲಿಂದ ನಿಧಾನಕ್ಕೆ ಏಳುತ್ತಿರುತ್ತದೆ. ಪಳಗಿದ ಕಾಲಾದರೆ ನಿಂತ ಪ್ರಯಾಣಿಕರು ವಾಲುತ್ತಾರೆಯೇ ಹೊರತು ಮುಗ್ಗರಿಸುವುದಿಲ್ಲ. ಆ ಕಾಲು ಮಾಡುವ ಕೆಲಸವನ್ನು ವಿಡಿಯೊ ಗೇಮಿನ ಕಂಟ್ರೋಲರ್ ಹಿಡಿದ ನಿಮ್ಮ ಎಡಗೈ ತೋರುಬೆರಳು ಕಲಿಯಬೇಕು. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಉದಾಹರಣೆಗೆ ಎರಡು ಆಟ ತೆಗೆದುಕೊಳ್ಳೋಣ. ಒಂದು 2013ರಲ್ಲಿ ಬಂದ ಗ್ರ್ಯಾಂಡ್ ಥೆಫ್ಟ್ ಆಟೋ 5 (ಚಿಕ್ಕದಾಗಿ ಜಿಟಿಎ 5), ಇನ್ನೊಂದು 2021ರ ಫೋರ್ಜಾ ಹೊರೈಜನ್ 5. ಮೊದಲನೆಯದರಲ್ಲಿ ಲಾಸ್ ಸ್ಯಾಂಟೋಸ್ ಎಂಬ ಕಲ್ಪನೆಯ ಊರು, ಎರಡನೆಯದರಲ್ಲಿ ಮೆಕ್ಸಿಕೊ. ಎರಡೂ ಓಪನ್ ವರ್ಲ್ಡ್ ಆಟಗಳು. ಅಂದರೆ ಸರ್ಕ್ಯೂಟಿನ ಹಾಗೆ ಅದೇ ಹನ್ನೆರಡು ತಿರುವನ್ನು ನೂರು ಸಲ ಸುತ್ತಿ ಬಾಯಿಪಾಠ ಮಾಡಿಕೊಳ್ಳಲು ಬರುವುದಿಲ್ಲ. ಡಾಂಬರು ಮುಗಿದು ಜಲ್ಲಿ ಬರುತ್ತದೆ, ಮಳೆ ಹಿಡಿಯುತ್ತದೆ, ಎದುರಿನಿಂದ ವ್ಯಾನ್ ಬರುತ್ತದೆ. ಹೀಗಾಗಿ ತಿರುವುಗಳನ್ನು ನೆನಪಿಟ್ಟುಕೊಂಡರೆ ಸಾಲದು, ಕಂಡ ತಿರುವನ್ನು ಓದಲು ಬರಬೇಕು.

ಮೊದಲು ಟಯರಿನ ಲೆಕ್ಕ. ಟಯರಿಗೂ ರಸ್ತೆಗೂ ನಡುವೆ ಇರುವ ಹಿಡಿತ ಒಂದೇ ಗಂಟು. ಬ್ರೇಕಿಗೂ ಅದರಿಂದಲೇ ಕೊಡಬೇಕು, ತಿರುಗಲಿಕ್ಕೂ ಅದರಿಂದಲೇ, ವೇಗ ಏರಿಸಲಿಕ್ಕೂ ಅದರಿಂದಲೇ. ಆದರೆ ಇದು ಬರೀ ಕೂಡಿಸಿ ಕಳೆಯುವ ಲೆಕ್ಕವಲ್ಲ. ಒಟ್ಟು ಹಿಡಿತ 100 ಎಂದುಕೊಳ್ಳಿ. ಬ್ರೇಕಿಗೆ 80 ಕೊಟ್ಟರೆ ತಿರುಗಲು ಉಳಿಯುವುದು 20 ಅಲ್ಲ, 60. ಬ್ರೇಕಿಗೆ 60 ಕೊಟ್ಟರೆ ತಿರುಗಲು 80. ಬ್ರೇಕಿಗೆ 20 ಕೊಟ್ಟರೆ ತಿರುಗಲು ಹತ್ತಿರಹತ್ತಿರ 98. ಯಾಕೆಂದರೆ ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿವೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ರೇಕನ್ನು 100ಕ್ಕೆ ಒತ್ತಿ ಹಿಡಿದುಕೊಂಡೇ ಸ್ಟೇರಿಂಗ್ ತಿರುಗಿಸಿದರೆ ಕಾರು ನೆಟ್ಟಗೆ ಹೋಗಿ ಕಂಬಕ್ಕೆ ಬಡಿಯುತ್ತದೆ, ತಿರುಗಲು ಏನೂ ಉಳಿದಿಲ್ಲ. ಆದರೆ ಒತ್ತಡವನ್ನು ಸ್ವಲ್ಪವೇ ಸಡಿಲಿಸಿದರೂ ತಿರುಗುವ ಶಕ್ತಿ ಒಮ್ಮೆಲೇ ದಂಡಿಯಾಗಿ ಸಿಗುತ್ತದೆ. ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ಕಲಿತ ಹಾಗೆ.

ಮುಂದಿನದು ತಿರುವಿನ ಅಳತೆ. ಸಮತಟ್ಟಾದ ಒಣ ರಸ್ತೆ, ಸಾಧಾರಣ ಒಳ್ಳೆಯ ಟಯರು ಎಂದಿಟ್ಟುಕೊಳ್ಳಿ. 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ಕಾರು ತಾಳುವುದು ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗ. 50 ಮೀಟರಿಗೆ 80, 100 ಮೀಟರಿಗೆ 113. ತ್ರಿಜ್ಯ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. ಹಾಗಾಗಿ ವೇಗ ಬೇಕೆಂದರೆ ತಿರುವನ್ನು ದೊಡ್ಡದು ಮಾಡಿಕೊಳ್ಳಬೇಕು. ರಸ್ತೆ ಬದಲಾಗುವುದಿಲ್ಲ, ಆದರೆ ರಸ್ತೆಯ ಮೇಲೆ ನೀವು ಎಳೆಯುವ ಗೆರೆ ನಿಮ್ಮದು.

ಬೋರ್ಡಿನ ಮೇಲೆ ಒಂದು 90 ಡಿಗ್ರಿ ತಿರುವು ಬರೆದು ತೋರಿಸಿದೆ. ಒಳ ಅಂಚಿನ ತ್ರಿಜ್ಯ 15 ಮೀಟರ್, ಕಾರಿನ ಅಗಲ ಕಳೆದು ಬಳಸಲು ಸಿಗುವ ರಸ್ತೆ 8 ಮೀಟರ್. ಒಳ ಅಂಚಿಗೆ ಅಂಟಿಕೊಂಡೇ ಹೋದರೆ 44 ಕಿಲೋಮೀಟರ್ ವೇಗ, ನಟ್ಟನಡುವೆ ಹೋದರೆ 49. ಹೊರ ಅಂಚಿನಿಂದ ಹೊರಟು, ನಡುವೆ ಒಳತುದಿ (ಗೆರೆ ಒಳ ಅಂಚಿಗೆ ತಾಗುವ ಜಾಗ) ಮುಟ್ಟಿ, ಮತ್ತೆ ಹೊರ ಅಂಚಿಗೆ ಬಂದರೆ ನಿಮ್ಮ ಗೆರೆಯ ತ್ರಿಜ್ಯ 42 ಮೀಟರ್ ದಾಟುತ್ತದೆ, ವೇಗ 73. ಅದೇ ಕಾರು, ಅದೇ ಟಯರು. ಎಂಜಿನ್ನಿಗೆ ಎಷ್ಟು ದುಡ್ಡು ಸುರಿದರೂ ತಿರುವಿನಲ್ಲಿ ಸಿಗದ ವೇಗ ಇದು.

ಆದರೆ ಹೇರ್‌ಪಿನ್ ತಿರುವಿಗೆ ಬಂದಾಗ ಈ ಲಾಭ ಕೈಕೊಡುತ್ತದೆ. 180 ಡಿಗ್ರಿ ತಿರುಗಬೇಕಾದಾಗ ಅದೇ ಅಗಲದ ರಸ್ತೆಯಲ್ಲಿ ಸಿಗುವ ದೊಡ್ಡ ಗೆರೆಯ ತ್ರಿಜ್ಯ 23 ಮೀಟರ್ ಮಾತ್ರ, ವೇಗ 54. ನಟ್ಟನಡುವೆ ಹೋಗುವ 49ಕ್ಕೆ ಹೋಲಿಸಿದರೆ ಗಳಿಕೆ ಅಲ್ಪ. ಹಾಗಾಗಿ ಹೇರ್‌ಪಿನ್ನಿನಲ್ಲಿ ತಿರುವಿನ ವೇಗದ ಹಿಂದೆ ಬೀಳಬಾರದು. ಅಲ್ಲಿ ಗೆಲ್ಲಬೇಕಾದದ್ದು ಹೊರಬರುವಾಗಿನ ವೇಗ. ಹೊರ ಅಂಚಿನಲ್ಲೇ ಸ್ವಲ್ಪ ಹೆಚ್ಚು ಹೊತ್ತು ಇದ್ದು, ತಡವಾಗಿ ತಿರುಗಿಸಿ, ಒಳತುದಿಯನ್ನು ತಿರುವಿನ ನಡುವೆ ಮುಟ್ಟದೆ ಮೂರನೇ ಎರಡು ಭಾಗ ಕಳೆದ ಮೇಲೆ ಮುಟ್ಟಬೇಕು. ಆಗ ಮುಂದಿನ ರಸ್ತೆ ನೆಟ್ಟಗೆ ಕಾಣುತ್ತದೆ, ಎಕ್ಸಲೇಟರ್ ಬೇಗ ಒತ್ತಲು ಬರುತ್ತದೆ. ಹೇರ್‌ಪಿನ್ ಆದಮೇಲೆ ಉದ್ದನೆಯ ಏರು ಇದ್ದರಂತೂ ಇದು ಬಿಟ್ಟು ಬೇರೆ ದಾರಿಯೇ ಇಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಈ ಹೊರ-ಒಳ-ಹೊರ ಗೆರೆ ಆಟದ ರೇಸಿಗೆ. ಅರಬೈಲು ಘಟ್ಟದಲ್ಲಿ ಆ ‘ಹೊರ ಅಂಚು’ ಎದುರಿನಿಂದ ಬರುವ ಲಾರಿಯ ಜಾಗ. ನಿಮ್ಮಲ್ಲಿ ಲೈಸೆನ್ಸ್ ಇದ್ದವರೂ ಇದ್ದೀರಿ. ದಯವಿಟ್ಟು ಅಲ್ಲಿ ನಿಮ್ಮ ಲೇನಿನೊಳಗೇ ಇರಿ, ಹಾರ್ನ್ ಹಾಕಿ, ಏರುವ ಗಾಡಿಗೆ ದಾರಿ ಬಿಡಿ.

ಆಟದಲ್ಲೂ ಟ್ರಾಫಿಕ್ ಇರುವಾಗ ಪೂರ್ತಿ ರಸ್ತೆ ನಿಮ್ಮದಲ್ಲ. ಲಾಸ್ ಸ್ಯಾಂಟೋಸ್‌ನಲ್ಲೂ ಮೆಕ್ಸಿಕೊದಲ್ಲೂ ಗಾಡಿ ಹೋಗುವುದು ಬಲಬದಿಯಲ್ಲಿ. ನಮ್ಮ ಕಣ್ಣು ಎಡಬದಿಗೆ ಪಳಗಿದೆ. ಅಲ್ಲಿ ಎಡ ತಿರುವಿನಲ್ಲಿ ಒಳತುದಿ ಮುಟ್ಟಲು ಹೋದರೆ ಎದುರಿನ ಲೇನಿಗೆ ನುಗ್ಗುತ್ತೀರಿ. ಬಲ ತಿರುವಿನಲ್ಲಿ ನಿಮ್ಮ ಲೇನೇ ಒಳಗಿನದ್ದು, ಅದರ ತ್ರಿಜ್ಯ ಚಿಕ್ಕದು, ಹಾಗಾಗಿ ಎಡ ತಿರುವಿಗಿಂತ ಹೆಚ್ಚು ಬ್ರೇಕ್ ಬೇಕು. ನಮ್ಮ ಊರಿನ ರಸ್ತೆಯಲ್ಲಿ ಇದು ಪೂರ್ತಿ ತಿರುಗುಮುರುಗು. ಹೊಸ ಆಟಗಾರರು ಲಾಸ್ ಸ್ಯಾಂಟೋಸ್‌ನ ವೈನ್‌ವುಡ್ ಹಿಲ್ಸ್ ಗುಡ್ಡಗಳ ಅಂಕುಡೊಂಕು ರಸ್ತೆಯಲ್ಲಿ ಮತ್ತೆ ಮತ್ತೆ ಮುಖಾಮುಖಿ ಗುದ್ದಿಕೊಳ್ಳುವುದಕ್ಕೆ ವೇಗಕ್ಕಿಂತ ಹೆಚ್ಚಾಗಿ ಈ ಅಭ್ಯಾಸವೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಈಗ ಬೆರಳಿಗೆ ಬರೋಣ. ಹೊರೈಜನ್ 5ರ ಗ್ರಾನ್ ಕಾಲ್ಡೆರಾ ಜ್ವಾಲಾಮುಖಿಯಿಂದ ಇಳಿಯುವ ರಸ್ತೆ ತೆಗೆದುಕೊಳ್ಳಿ. 130ರ ವೇಗದಲ್ಲಿ ಬರುತ್ತಿದ್ದೀರಿ, ಮುಂದೆ 54ರ ಹೇರ್‌ಪಿನ್. ಸಮತಟ್ಟಿನಲ್ಲಿ ಇಷ್ಟು ವೇಗ ಇಳಿಸಲು 55 ಮೀಟರ್ ಬೇಕು, 100ಕ್ಕೆ 8ರ ಇಳಿಜಾರಿನಲ್ಲಿ 60 ಮೀಟರ್. ಕಣ್ಣಂದಾಜಿಗೆ 70 ಎಂದಿಟ್ಟುಕೊಳ್ಳಿ. ಆ ಜಾಗಕ್ಕೆ ಒಂದು ಗುರುತು ಬೇಕು: ಮರ, ಫಲಕ, ತಡೆಗೋಡೆಯ ತುದಿ. ನೆರಳನ್ನು ಗುರುತು ಮಾಡಿಕೊಳ್ಳಬೇಡಿ, ಆಟದಲ್ಲೂ ಹೊತ್ತು ಸರಿಯುತ್ತದೆ. ಗುರುತು ಬಂದಾಗ ಬಲ ಟ್ರಿಗರ್ (ಎಕ್ಸಲೇಟರ್) ಪೂರ್ತಿ ಬಿಟ್ಟು ಎಡ ಟ್ರಿಗರ್ (ಬ್ರೇಕ್) ಪೂರ್ತಿ ಒತ್ತಿ. ಕಾರು ಮೂಗು ತಗ್ಗಿಸುತ್ತದೆ, ಭಾರ ಮುಂದಿನ ಟಯರುಗಳ ಮೇಲೆ ಬೀಳುತ್ತದೆ. ಎರಡು ಸೆಕೆಂಡಿನ ಕೆಲಸ ಇದು. ಮೊದಲ ಒಂದೂಕಾಲು ಸೆಕೆಂಡು ಕಾರು ನೆಟ್ಟಗಿರಲಿ, ಹೆಬ್ಬೆರಳು ಸ್ಟೇರಿಂಗಿನ ಕೆಲಸ ಮಾಡುವ ಸ್ಟಿಕ್ಕಿನ ನಡುವಿನಲ್ಲೇ ಇರಲಿ. ಆಮೇಲೆ ಸ್ಟಿಕ್ಕನ್ನು ಕಾಲು ಭಾಗ ತಿರುಗಿಸುತ್ತ ಎಡ ಟ್ರಿಗರನ್ನು ಕಾಲು ಭಾಗ ಬಿಡಿ. ಸ್ಟಿಕ್ಕು ಅರ್ಧಕ್ಕೆ ಹೋದಾಗ ಟ್ರಿಗರ್ ಅರ್ಧಕ್ಕೆ ಬರಲಿ. ಒಳತುದಿ ಕಂಡಾಗ ಎಡ ಬೆರಳಿನ ಅಡಿ ಏನೂ ಉಳಿದಿರಬಾರದು. ಒಂದು ಹಗ್ಗದ ಎರಡು ತುದಿಗಳ ಹಾಗೆ, ಇದು ಏರಿದಷ್ಟು ಅದು ಇಳಿಯಬೇಕು.

ಇದನ್ನು ಟ್ರೇಲ್ ಬ್ರೇಕಿಂಗ್ ಎನ್ನುತ್ತಾರೆ. ಬಿಡುವ ಕೆಲಸವನ್ನೇ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ತಪ್ಪುವುದು ಅಲ್ಲೇ. ಬ್ರೇಕ್ ಹಿಡಿಯುವುದು ಎಲ್ಲರಿಗೂ ಬರುತ್ತದೆ. ಅದನ್ನು ತಟ್ಟನೆ ಬಿಟ್ಟರೆ ಮುಂದೆ ಬಂದಿದ್ದ ಭಾರ ಒಮ್ಮೆಲೇ ಹಿಂದಕ್ಕೆ ಹೋಗುತ್ತದೆ, ಮೂಗು ಏಳುತ್ತದೆ, ಮುಂದಿನ ಟಯರಿನ ಹಿಡಿತ ಬೇಕಾದ ಗಳಿಗೆಯಲ್ಲೇ ಕಡಿಮೆಯಾಗುತ್ತದೆ. ಕಾರು ತಿರುವಿನಿಂದ ಹೊರಕ್ಕೆ ಸರಿಯುತ್ತದೆ. ಆಟಗಾರ ‘ಈ ಕಾರು ತಿರುಗುವುದೇ ಇಲ್ಲ’ ಎಂದು ಬೇರೆ ಕಾರು ಕೊಳ್ಳುತ್ತಾನೆ. ಹಾಗೆಯೇ ಬಿಡುವುದು ತೀರಾ ತಡವಾದರೆ ಹಿಂದಿನ ಟಯರುಗಳ ಮೇಲೆ ಭಾರವೇ ಇಲ್ಲದೆ ಬಾಲ ಸುತ್ತಿ ಬರುತ್ತದೆ, ಇಳಿಜಾರಿನಲ್ಲಿ ಮತ್ತೂ ಬೇಗ. ಮೂಗು ಹೊರಸರಿದರೆ ಅಂಡರ್‌ಸ್ಟಿಯರ್, ಬಾಲ ಹೊರಸರಿದರೆ ಓವರ್‌ಸ್ಟಿಯರ್. ಎರಡಕ್ಕೂ ಮೂಲ ಒಂದೇ ಬೆರಳು.

ಅಂಡರ್‌ಸ್ಟಿಯರ್ ಆದಾಗ ಸ್ಟಿಕ್ಕನ್ನು ಇನ್ನೂ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಟಯರು ಒಂದು ಕೋನದವರೆಗೆ ಮಾತ್ರ ಹಿಡಿತ ಹೆಚ್ಚಿಸುತ್ತದೆ, ಅದು ದಾಟಿದ ಮೇಲೆ ಹಿಡಿತ ಇಳಿಯುತ್ತದೆ. ಜಿಟಿಎ 5ರ ಗಾಡಿಗಳ ಅಂಕಿಗಳಿರುವ ‘ಹ್ಯಾಂಡ್ಲಿಂಗ್ ಮೆಟಾ’ ಎಂಬ ಕಡತದಲ್ಲೂ ಗರಿಷ್ಠ ಹಿಡಿತಕ್ಕೊಂದು ಅಂಕಿ, ಜಾರುವಾಗಿನ ಹಿಡಿತಕ್ಕೆ ಬೇರೆಯೇ ಅಂಕಿ ಇದೆ. ಕೀರಲು ಸದ್ದು ಜೋರಾಗಿ ಒಂದೇ ಸಮ ಬರತೊಡಗಿತೆಂದರೆ ನೀವು ಎರಡನೆಯ ಅಂಕಿಗೆ ಇಳಿದಿದ್ದೀರಿ ಎಂದರ್ಥ. ಆಗ ಸ್ಟಿಕ್ಕನ್ನು ಸ್ವಲ್ಪ ಹಿಂದಕ್ಕೆ ತನ್ನಿ, ಎಕ್ಸಲೇಟರ್ ಸಡಿಲಿಸಿ. ಅರ್ಧ ಸೆಕೆಂಡು ಕಾದರೆ ಮೂಗು ತಾನಾಗಿ ಒಳಗೆ ಬರುತ್ತದೆ. ಆ ಅರ್ಧ ಸೆಕೆಂಡು ಕಾಯಲು ಧೈರ್ಯ ಬೇಕು.

ಹ್ಯಾಂಡ್‌ಬ್ರೇಕಿನ ಬಗ್ಗೆಯೂ ಇದೇ ಲೆಕ್ಕ. ಜಿಟಿಎ 5ರಲ್ಲಿ ಕೀಬೋರ್ಡಿನ ಸ್ಪೇಸ್, ಪ್ಲೇಸ್ಟೇಷನ್ನಿನ ಆರ್1, ಎಕ್ಸ್‌ಬಾಕ್ಸಿನ ಆರ್‌ಬಿ. ಇದು ಹಿಂದಿನ ಚಕ್ರಗಳನ್ನು ಕಚ್ಚಿ ಹಿಡಿಯುತ್ತದೆ, ಬಾಲ ಹೊರಗೆ ಬೀಸುತ್ತದೆ. ನೋಡಲು ಚಂದ. ಆದರೆ ಜಾರುವ ಟಯರು ವೇಗ ತಿನ್ನುತ್ತದೆ, ಹೊರಬರುವಾಗ ಕಾರು ಮತ್ತೆ ಸೊನ್ನೆಯಿಂದ ಶುರುಮಾಡಿದ ಹಾಗಿರುತ್ತದೆ. ಇಕ್ಕಟ್ಟಾದ ಯು ತಿರುವಿಗೆ, ಪೊಲೀಸರು ಬೆನ್ನಟ್ಟಿದಾಗ ಗಲ್ಲಿಗೆ ನುಗ್ಗಲಿಕ್ಕೆ ಇದು ಬೇಕು. ಅಲ್ಲೂ ಒತ್ತಿ ಹಿಡಿಯಬೇಡಿ. ಮೊದಲು ಸ್ಟೇರಿಂಗ್, ಆಮೇಲೆ ಅರ್ಧ ಸೆಕೆಂಡಿನಷ್ಟು ಹ್ಯಾಂಡ್‌ಬ್ರೇಕ್, ಬಾಲ ಹೊರಟ ಕೂಡಲೇ ಬಿಟ್ಟು ಸ್ಟೇರಿಂಗ್ ಎದುರು ದಿಕ್ಕಿಗೆ. 60ಕ್ಕಿಂತ ಹೆಚ್ಚಿನ ವೇಗದಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಯಾವ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ ಎಂಬುದರ ಮೇಲೆ ಬಲಗೈ ಬೆರಳಿನ ಕೆಲಸ ಬದಲಾಗುತ್ತದೆ. ಜಿಟಿಎ 5ರ ಬ್ಲಿಸ್ಟಾ ಮುಂದಿನ ಚಕ್ರದ ಗಾಡಿ. ಅದರಲ್ಲಿ ಎಕ್ಸಲೇಟರ್ ಹೆಚ್ಚು ಕೊಟ್ಟರೆ ಮೂಗು ಹೊರಕ್ಕೆ, ಬಿಟ್ಟರೆ ಒಳಕ್ಕೆ. ಬ್ಯಾನ್ಷಿ ಹಿಂದಿನ ಚಕ್ರದ್ದು, ತಿರುವಿನ ನಡುವೆ ಬಲ ಟ್ರಿಗರ್ ಪೂರ್ತಿ ಒತ್ತಿದರೆ ಬಾಲ ಬೀಸುತ್ತದೆ. ಸ್ಟೇರಿಂಗ್ ನೆಟ್ಟಗಾದಷ್ಟೇ ಎಕ್ಸಲೇಟರ್ ಕೊಡಬೇಕು. ಎಲಿಜಿ ಆರ್‌ಎಚ್8 ನಾಲ್ಕೂ ಚಕ್ರದ್ದು, ತಪ್ಪು ಮಾಡಿದರೂ ಕೈಹಿಡಿಯುತ್ತದೆ. ಕಲಿಯುವವರು ಅದರಿಂದ ಶುರುಮಾಡಲಿ, ಆದರೆ ಅಲ್ಲೇ ನಿಲ್ಲಬಾರದು. ಬ್ಯಾನ್ಷಿಯಲ್ಲಿ ವಾರ ಕಳೆದವರ ಬಲ ಬೆರಳೇ ಬೇರೆ.

ಮಳೆ. ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಿಡಿತ 100ರಿಂದ 70ಕ್ಕೆ ಇಳಿದರೆ 50 ಮೀಟರ್ ತಿರುವಿನ ವೇಗ 80ರಿಂದ 67ಕ್ಕೆ ಬರುತ್ತದೆ, ಆದರೆ 100ರ ವೇಗದಿಂದ ಪೂರ್ತಿ ನಿಲ್ಲಲು ಬೇಕಾದ ದೂರ 39 ಮೀಟರಿನಿಂದ 56ಕ್ಕೆ ಏರುತ್ತದೆ. ಅಂದರೆ ಮಳೆಯಲ್ಲಿ ಮೊದಲು ಬದಲಿಸಬೇಕಾದದ್ದು ಬ್ರೇಕಿನ ಗುರುತು. ಹೊರೈಜನ್ 5ರಲ್ಲಿ ರಸ್ತೆಯಂಚಿನಲ್ಲಿ ನೀರು ನಿಂತಿರುತ್ತದೆ. ಒಂದು ಬದಿಯ ಚಕ್ರ ಅದರೊಳಗೆ ಹೋದರೆ ಕಾರು ಅತ್ತ ಎಳೆಯುತ್ತದೆ, ಹಾಗಾಗಿ ಹೊರ ಅಂಚನ್ನು ಪೂರ್ತಿ ಬಳಸಬೇಡಿ.

ಕೈಯಲ್ಲಿರುವ ಸಾಧನ ಸರಿ ಇಲ್ಲದಿದ್ದರೆ ಇದೆಲ್ಲ ವ್ಯರ್ಥ. ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿಕೊಳ್ಳಿ. ಒತ್ತಿದ್ದು ಪರದೆಗೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ 150ರ ವೇಗದಲ್ಲಿ ಕಾರು 4 ಮೀಟರ್ ಮುಂದೆ ಹೋಗಿರುತ್ತದೆ. ಹೊರೈಜನ್ನಿನ ಸೆಟ್ಟಿಂಗಿನಲ್ಲಿ ಸ್ಟೇರಿಂಗ್ ಡೆಡ್‌ಜೋನ್ ಎಂಬುದಿದೆ, ಅಂದರೆ ಸ್ಟಿಕ್ಕು ಅಲುಗಿದರೂ ಕಾರು ಅಲುಗದ ನಡುವಿನ ಜಾಗ. ಒಳಗಿನದನ್ನು ಸೊನ್ನೆಯಿಂದ ಶುರುಮಾಡಿ, ಸ್ಟಿಕ್ಕು ಬಿಟ್ಟಾಗಲೂ ಕಾರು ಒಂದು ಬದಿಗೆ ಎಳೆಯುತ್ತಿದ್ದರೆ ಎರಡೆರಡೇ ಏರಿಸುತ್ತ ಎಳೆತ ನಿಂತ ಕಡೆ ಬಿಡಿ. ಕಾರವಾರದ ಸೆಖೆಯಲ್ಲಿ ಹೆಬ್ಬೆರಳು ಬೆವರಿ ಜಾರುತ್ತದೆ, ಪಕ್ಕದಲ್ಲೊಂದು ಒಣ ಬಟ್ಟೆ ಇರಲಿ. ಸಣ್ಣ ವಿಷಯವೆಂದು ಬಿಡಬೇಡಿ.

ಕೀಬೋರ್ಡಿನವರಿಗೆ ಕಷ್ಟ ಹೆಚ್ಚು. ಕೀಲಿ ಒಂದೋ ಒತ್ತಿರುತ್ತದೆ, ಇಲ್ಲವೋ ಬಿಟ್ಟಿರುತ್ತದೆ, ನಡುವೆ ಏನೂ ಇಲ್ಲ. ಹಾಗಾಗಿ ಸಣ್ಣ ಸಣ್ಣ ತಟ್ಟುಗಳಿಂದಲೇ ಅರ್ಧ, ಕಾಲು ಮಾಡಿಕೊಳ್ಳಬೇಕು. ನೆಟ್ಟಗಿರುವಾಗ ಎಸ್ ಕೀಲಿ ಒತ್ತಿ ಹಿಡಿದು, ತಿರುವು ಶುರುವಾದಾಗ ಅದನ್ನೇ ಎರಡು ಮೂರು ಸಲ ತಟ್ಟಿ ಬಿಟ್ಟರೆ ಟ್ರೇಲ್ ಬ್ರೇಕಿಂಗಿನ ಹತ್ತಿರಕ್ಕೆ ಬರುತ್ತದೆ. ದೊಡ್ಡ ತಿರುವಿನಲ್ಲಿ ಎಸ್ ಬೇಕಾಗುವುದೇ ಇಲ್ಲ, ಡಬ್ಲ್ಯು ಬಿಟ್ಟರೆ ಸಾಕು.

ಟ್ಯೂನಿಂಗ್, ಅಂದರೆ ಕಾರಿನ ಭಾಗಗಳನ್ನು ಬದಲಿಸಿ ಹೊಂದಿಸಿಕೊಳ್ಳುವ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಬೆರಳು ಪಳಗುವ ಮೊದಲು ಅದಕ್ಕೆ ಕೈಹಾಕುವುದು ನನಗೆ ಒಪ್ಪಿಗೆ ಇಲ್ಲ. ಹೊರೈಜನ್ನಿನಲ್ಲಿ ಮೊದಲು ಟಯರು ಬದಲಿಸಿ, ಮಣ್ಣಿನ ದಾರಿಗೆ ರ‍್ಯಾಲಿ ಟಯರು ಹಾಕಿ. ಆಮೇಲೆ ಆ್ಯಂಟಿ-ರೋಲ್ ಬಾರ್, ಅಂದರೆ ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು, ಅದರ ಅಳತೆ 1ರಿಂದ 65. ತಿರುವಿನ ನಡುವೆ ಮೂಗು ಹೊರಸರಿಯುತ್ತಿದ್ದರೆ ಮುಂದಿನದನ್ನು 4 ಅಂಕಿ ಇಳಿಸಿ ಅಥವಾ ಹಿಂದಿನದನ್ನು 4 ಏರಿಸಿ. ಬಾಲ ಬೀಸುತ್ತಿದ್ದರೆ ಉಲ್ಟಾ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ತಿರುವಿನಲ್ಲಿ ಮೂರು ಸಲ ನೋಡಿ ಮುಂದಿನದು. ಜಿಟಿಎ 5ರಲ್ಲಿ ಲಾಸ್ ಸ್ಯಾಂಟೋಸ್ ಕಸ್ಟಮ್ಸ್ ಎಂಬ ಗ್ಯಾರೇಜಿಗೆ ಹೋದಾಗ ಟರ್ಬೊಗೆ ಮೊದಲು ಬ್ರೇಕ್ ಹಾಕಿಸಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

‘ಸರ್, ಹೊರೈಜನ್ನಿನಲ್ಲಿ ರಸ್ತೆ ಮೇಲೆ ಗೆರೆ ಬರ‍್ತದಲ್ಲ, ಅದನ್ನೇ ನೋಡಿ ಓಡಿಸಿದ್ರೆ ಆಗೂದಿಲ್ವಾ?’ ಎಂದು ಒಬ್ಬ ಹುಡುಗ ಕೇಳಿದ.

ಆಗ್ತದೆ ತಮ್ಮಾ, ಮೊದಲ ಹತ್ತು ಗಂಟೆಗೆ. ಆ ಗೆರೆ ಕೆಂಪಾದಲ್ಲಿ ಬ್ರೇಕ್ ಹಿಡಿಯಬೇಕೆಂದು ಹೇಳುತ್ತದೆ, ಹೇಗೆ ಬಿಡಬೇಕೆಂದು ಹೇಳುವುದಿಲ್ಲ. ಕಣ್ಣು ಅದರ ಮೇಲೇ ನೆಟ್ಟಿದ್ದರೆ ತಿರುವಿನ ಆಚೆ ಏನಿದೆ ಎಂದು ನೋಡುವುದನ್ನೇ ಮರೆಯುತ್ತದೆ. ಸೆಟ್ಟಿಂಗಿನಲ್ಲಿ ಬ್ರೇಕಿನ ಜಾಗ ಮಾತ್ರ ತೋರಿಸುವ ಆಯ್ಕೆ ಇದೆ, ಅದಕ್ಕೆ ಬದಲಿಸಿಕೊ. ಅಲ್ಲಿಂದ ಪೂರ್ತಿ ತೆಗೆಯುವುದು ಸುಲಭ.

ಎರಡನೆಯದು ಕಾರವಾರದಿಂದ ಬಂದಿದ್ದ ವಿದ್ಯಾರ್ಥಿನಿಯದು: ದಿನಕ್ಕೆ ಅರ್ಧ ಗಂಟೆ ಮಾತ್ರ ಇದ್ದರೆ ಏನು ಮಾಡಬೇಕು?

ರೇಸ್ ಬೇಡ. ಒಂದೇ ಒಂದು ತಿರುವು ಆರಿಸಿಕೊಳ್ಳಿ. ಹೊರೈಜನ್ನಿನಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರಿನ ವೈ ಗುಂಡಿ ಒತ್ತಿದರೆ ಆಟ ಹಿಂದಕ್ಕೆ ಸರಿಯುತ್ತದೆ. ಹೆಚ್ಚಿನವರು ಅದನ್ನು ಗುದ್ದಿದ್ದನ್ನು ಅಳಿಸಲು ಬಳಸುತ್ತಾರೆ. ನೀವು ಚೆನ್ನಾಗಿ ತಿರುಗಿದಾಗಲೂ ಒತ್ತಿ. ಬ್ರೇಕಿನ ಗುರುತಿನವರೆಗೆ ಹಿಂದೆ ಬಂದು, ಬ್ರೇಕ್ ಹಿಡಿಯುವ ಜಾಗ ಬದಲಿಸದೆ, ಬಿಡುವ ರೀತಿ ಮಾತ್ರ ಬದಲಿಸಿ: ಒಮ್ಮೆ ತಟ್ಟನೆ, ಒಮ್ಮೆ ಅರ್ಧ ಸೆಕೆಂಡಿನಲ್ಲಿ, ಒಮ್ಮೆ ಒಂದು ಸೆಕೆಂಡಿನಲ್ಲಿ. ಪ್ರತಿ ಸಲ ಒಳತುದಿಯ ಹತ್ತಿರ ಸ್ಪೀಡೋಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಜಿಟಿಎ 5ರಲ್ಲಿ ಪರದೆಯ ಮೇಲೆ ವೇಗದ ಅಂಕಿಯೂ ಇಲ್ಲ, ಹಿಂದೆ ಸರಿಸುವ ಗುಂಡಿಯೂ ಇಲ್ಲ. ಅಲ್ಲಿ ಸ್ಯಾಂಡಿ ಶೋರ್ಸ್‌ನ ಸಣ್ಣ ವಿಮಾನಪಟ್ಟಿಗೆ ಹೋಗಿ, ಪಟ್ಟಿಯ ತುದಿಯಲ್ಲಿ ಇದನ್ನೇ ಮಾಡಿ, ನಿಂತು ಹಿಂದಿರುಗಿ ನೋಡಿ. ಟಯರಿನ ಕಪ್ಪು ಗುರುತು ನೆಲದ ಮೇಲೆ ಬಿದ್ದಿರುತ್ತದೆ. ಆ ಗುರುತು ತಿರುವಿನ ಶುರುವಿನಲ್ಲೇ ತುಂಡಾಗಿದೆಯೋ, ಒಳತುದಿಯವರೆಗೂ ಎಳೆದುಕೊಂಡು ಬಂದಿದೆಯೋ ನೋಡಿದರೆ ನಿಮ್ಮ ಬೆರಳು ಎಲ್ಲಿ ಎದ್ದಿತು ಎಂಬುದು ಅಲ್ಲೇ ಕಾಣುತ್ತದೆ.